ಮೂರನೇ ದಿನ ಎಸೆದ ತಟ್ಟೆ

ಪ್ರಯೋಗಾಲಯದ ಮುಖ್ಯಸ್ಥರೇ,

ನನ್ನ ತಮ್ಮ ಎವಾರಿಸ್ತೋನ ಎದೆಯಿಂದ ತೆಗೆದ ನೀರನ್ನು ರೋಗಾಣು ಬೆಳೆಸುವ ತಟ್ಟೆಗೆ ಹಾಕಿ, ಆ ತಟ್ಟೆಯನ್ನು ಮೂರನೇ ದಿನಕ್ಕೇ ಎಸೆದು, 'ಏನೂ ಬೆಳೆದಿಲ್ಲ' ಎಂದು ನೀವು ಮೊಹರು ಒತ್ತಿದಿರಿ. ಮೊಹರು ಅಂದವಾಗಿಯೇ ಇತ್ತು. ನನ್ನ ತಕರಾರು ನಿಮ್ಮ ಅವಸರದ ಮೇಲೆ.

ಎವಾರಿಸ್ತೋ ಕೊವಾವಿಲಾ ಪ್ರಾಂತ್ಯದ ಈ ಒಣಗುಡ್ಡಗಳಲ್ಲಿ ಅರವತ್ತು ಆಡು ಸಾಕಿ ಚೀಸ್ ಮಾಡುವವನು. ಸಂಜೆಯಾದರೆ ಜ್ವರ, ಮೈತುಂಬ ಬೆವರು, ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. ಶ್ವಾಸಕೋಶದ ಹೊದಿಕೆಯಲ್ಲಿ ನೀರು ತುಂಬಿದೆ ಎಂದರು ವೈದ್ಯರು. ನಿಮ್ಮ ತಟ್ಟೆಯಲ್ಲಿ ಬೇರೆ ಯಾವ ರೋಗಾಣುವೂ ಬೆಳೆಯದ ಕಾರಣ, ಇದು ಕ್ಷಯವೇ ಇರಬೇಕೆಂದು ಮಾತ್ರೆ ಶುರುಮಾಡಿದರು. ನಾಲ್ಕು ತಿಂಗಳು ನುಂಗಿದ. ಒಂದು ತೊರ್ತಿಯಾ ರೊಟ್ಟಿ ತಿಂದು ಮುಗಿಸಲಾರದಷ್ಟು ಸೊರಗಿದ. ನೆರೆಯವರು ಅವನ ಬೆಂಚಿನಲ್ಲಿ ಕೂರುವುದನ್ನೂ ಬಿಟ್ಟರು.

ಕೊನೆಗೆ ರೋಗ ಪತ್ತೆ ಹಚ್ಚಿದ್ದು ಯಾರು ಗೊತ್ತೇ? ಆಡುಗಳನ್ನು ನೋಡಲು ಬಂದ ಪಶುವೈದ್ಯೆ ಎರ್ಲಿಂದಾ. ಮೂರು ಆಡು ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಅವಳು ಆಡುಗಳಿಗಿಂತ ಹೆಚ್ಚು ಹೊತ್ತು ನನ್ನ ತಮ್ಮನನ್ನೇ ನೋಡಿದಳು.

"ಕಂದು ಹಾಕಿದಾಗ ಎಳೆದು ತೆಗ್ದಿದ್ದು ಯಾರು?"

"ನಾನೇ, ಇನ್ಯಾರು?"

"ಕೈಗೇನಾದ್ರೂ ಹಾಕ್ಕೊಂಡಿದ್ಯಾ?"

"ಅಂಗಿ ತೋಳು ಮಡಚಿದ್ದೆ ಕಣಮ್ಮ."

ಅವಳು ನಗಲಿಲ್ಲ. ಆಡುಗಳ ರೋಗ ಮನುಷ್ಯನ ಎದೆಗೂ ಇಳಿಯುತ್ತದೆ, ಅಪರೂಪಕ್ಕೆ, ಥೇಟ್ ಕ್ಷಯದ ವೇಷದಲ್ಲಿ ಎಂದಳು. ವೈದ್ಯರಿಗೆ ತಾನೇ ಫೋನ್ ಮಾಡಿ ಮತ್ತೆ ನೀರು ತೆಗೆಸಿದಳು. ಈ ಸಲ ಅದು ರಾಜಧಾನಿಯ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿನವರು ತಟ್ಟೆಯನ್ನು ಸುಮ್ಮನೆ ಇಟ್ಟು ಕಾದರು. ಹತ್ತನೇ ದಿನ ಬ್ರುಸೆಲ್ಲಾ ಎಂಬ ಆ ಆಡುರೋಗದ ರೋಗಾಣು ಬೆಳೆಯಿತು. ನಿಧಾನದ ಜೀವಿ, ಸ್ವಾಮಿ. ನಿಮ್ಮ ವೇಳಾಪಟ್ಟಿ ಅದಕ್ಕೆ ಯಾರೂ ಓದಿ ಹೇಳಿರಲಿಲ್ಲ.

ಔಷಧ ಬದಲಾಯಿತು. ಮೂರನೇ ವಾರಕ್ಕೆ ಜ್ವರ ಬಿಟ್ಟಿತು. ಸೋಂಕು ತಗುಲಿದ್ದ ಹನ್ನೊಂದು ಆಡುಗಳನ್ನು ಕೊಲ್ಲಬೇಕಾಯಿತು. ಅವನು ಒಂದೊಂದರ ಹೆಸರು ಹೇಳಿ ಕಳಿಸಿಕೊಟ್ಟ.

ತಪ್ಪೆಲ್ಲ ನಿಮ್ಮದೇ ಎನ್ನಲಾರೆ. ಮೈಗೆ ಶಕ್ತಿ ಬರಲೆಂದು ಆ ನಾಲ್ಕು ತಿಂಗಳೂ ಬೆಳಿಗ್ಗೆ ಅವನಿಗೆ ಅದೇ ಆಡುಗಳ ಹಸಿ ಹಾಲು, ರೋಗಾಣು ಸಮೇತ, ಕುಡಿಸಿದವಳು ನಾನು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯಪಾಠ ಹೇಳಿದವಳು.

ಕೇಳುವುದಿಷ್ಟೇ. ನಿಮ್ಮ ಅರ್ಜಿಯಲ್ಲಿ ರೋಗಿಯ ಅಜ್ಜಿಯ ಊರಿಗೂ ಜಾಗವಿದೆ. 'ಏನು ಕೆಲಸ, ಯಾವ ಪ್ರಾಣಿ ಸಾಕುತ್ತೀರಿ' ಎಂಬ ಒಂದು ಸಾಲು ಸೇರಿಸಿ. ಉತ್ತರ 'ಆಡು' ಎಂದಿದ್ದರೆ ತಟ್ಟೆಯನ್ನು ಮೂರು ವಾರ ಇಡಿ, ಮುಚ್ಚಳ ತೆರೆಯುವವರಿಗೆ ಮೊದಲೇ ಎಚ್ಚರಿಸಿ. ಆ ರೋಗಾಣು ಅವರ ಎದೆಗೂ ಇಳಿಯಬಲ್ಲದು. ಅವರಿಗೂ ಮನೆಯಲ್ಲಿ ಅಕ್ಕಂದಿರು ಇರುತ್ತಾರೆ.

ಇಂತಿ,
ಹಾಲು ಕಾಯಿಸಲು ತಡವಾಗಿ ಕಲಿತ ಮೇಷ್ಟರಮ್ಮ,
ಓಬ್ದುಲಿಯಾ