ಸಭಿಕರೊಬ್ಬರ ಪ್ರಶ್ನೆ

ಮಾರ್ಚ್ ೯, ಭಾನುವಾರ

ಮುದ್ದಿನ ಪುಟ್ಟಿ,

ನೀನು, ನಿಮ್ಮ ಮನೆಯವರು, ಮೊಮ್ಮಗಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಅದು ನಿನ್ನ ಹಕ್ಕು. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಮಂಡಿನೋವಿನ ವರದಿಯಾಯಿತೇ ಹೊರತು ಕಾಗದವಾಗಲಿಲ್ಲ. ಹರಿದು ಹಾಕಿದೆ.

ನೀನು ಕೇಳಿದ್ದು ಒಂದೇ ಮಾತು. ಭಾವ ಹೋದಮೇಲೆ ಆ ಸಭಾಭವನದಲ್ಲಿ ಕೆಲಸಕ್ಕೆ ಸೇರಿದೆಯಲ್ಲ, ದಿನವಿಡೀ ಅಷ್ಟೊಂದು ಒಳ್ಳೆಯ ಮಾತು ಕೇಳಿ ನಿನಗೆ ನೆಮ್ಮದಿ ಸಿಕ್ಕಿತಾ ಅಂತ. ಸಿಕ್ಕಿತು ಎಂದು ಒಂದು ಕಾರ್ಡು ಗೀಚಿದ್ದರೆ ಮುಗಿಯುತ್ತಿತ್ತು. ನಿನಗೆ ಸುಳ್ಳು ಬರೆಯಲು ಕೈ ಬರಲಿಲ್ಲ.

ಕೆಲಸ ಏನೆಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಭವನದ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗೆ ಒಂದು ಕೋಣೆ. ಒಂದೇ ಕಿಟಕಿ, ಅದರಾಚೆ ಸೈಕಲ್ ನಿಲ್ಲಿಸುವ ಜಾಗ. ಇಪ್ಪತ್ತು ವರ್ಷಗಳ ಭಾನುವಾರದ ಉಪನ್ಯಾಸಗಳೆಲ್ಲ ಕ್ಯಾಸೆಟ್‌ಗಳಲ್ಲಿ, ಕ್ಯಾಸೆಟ್‌ಗಳೆಲ್ಲ ಚಪ್ಪಲಿ ಡಬ್ಬಿಗಳಲ್ಲಿ. ಅವನ್ನು ಕೇಳಿ ಟೈಪು ಮಾಡಬೇಕು, ಪುಸ್ತಕ ತರುತ್ತಾರಂತೆ. ಕಾಲಡಿಯಲ್ಲಿ ಒಂದು ಪೆಡಲ್ ಇದೆ. ಮುಂದೆ ಒತ್ತಿದರೆ ಮಾತು ನಡೆಯುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಮಂಡಿನೋವಿಗೆ ಇದೂ ಒಂದು ಕಾರಣ.

ಹೆಚ್ಚಿನ ಉಪನ್ಯಾಸಗಳು ಮೇಷ್ಟ್ರದು. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದವರು, ಈಗ ಎಂಬತ್ತು ದಾಟಿದ್ದಾರೆ. ಒಂದು ಕ್ಯಾಸೆಟ್ಟಿನಲ್ಲಿ ಸುಖವನ್ನು ಹುಡುಕಬೇಡಿ, ನಿದ್ದೆಯ ಹಾಗೆ ತಾನಾಗಿ ಬರುತ್ತದೆ ಎನ್ನುತ್ತಾರೆ. ತಿಂಗಳ ನಂತರದ್ದರಲ್ಲಿ, ಕೈಕಟ್ಟಿ ಕೂತವನಿಗೆ ಅದು ಬರುವುದೇ ಇಲ್ಲ ಎನ್ನುತ್ತಾರೆ. ಎರಡನ್ನೂ ನಾನೇ ನೀಟಾಗಿ ಟೈಪು ಮಾಡಿದ್ದೇನೆ. ಮಧ್ಯೆ ಧರ್ಮಗುರುಗಳೂ ಬಂದು ಹೋಗಿದ್ದಾರೆ. ಒಬ್ಬರು, ನಿಮ್ಮ ಭಾರವನ್ನೆಲ್ಲ ದೇವರ ಮೇಲೆ ಹಾಕಿ ಎಂದರು. ಅವತ್ತು ನನ್ನ ಬೆನ್ನು ಎಷ್ಟು ಹಿಡಿದಿತ್ತೆಂದರೆ, ಯಾರ ಮೇಲಾದರೂ ಸರಿ, ಇಳಿಸಿದರೆ ಸಾಕು ಎನಿಸಿತು.

ನಿನ್ನ ಭಾವ ಈ ಉಪನ್ಯಾಸಗಳನ್ನು ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ, ಗೊತ್ತಲ್ಲ. ನಾನು ಒಂದು ದಿನವೂ ಹೋಗಲಿಲ್ಲ. ವಿದ್ಯುತ್ ಕಂಪನಿಯ ದೂರು ವಿಭಾಗದಲ್ಲಿ ವಾರಕ್ಕೆ ಆರು ದಿನ ಫೋನ್ ಎತ್ತುತ್ತಿದ್ದವಳು ನಾನು. ಕರೆಂಟು ಹೋಯಿತೆಂದು ಊರಿಗೆ ಊರೇ ಬೈಯುವುದು ನನ್ನನ್ನೇ. ಮನೆಗೆ ಬಂದರೆ ಒಂದು ಹಲ್ಲಿ ಲೊಚಗುಟ್ಟಿದರೂ ಸಹಿಸಲಾಗುತ್ತಿರಲಿಲ್ಲ. ಅವರೂ ಹೆಚ್ಚು ಮಾತಿನವರಲ್ಲ. ಹೊಂದಿಕೊಂಡಿದ್ದೇವೆ ಎಂದೇ ಅಂದುಕೊಂಡಿದ್ದೆ.

ಜನವರಿಯಲ್ಲಿ, ನಿನ್ನ ಕಾಗದ ಬಂದ ಮೂರನೆಯ ದಿನ, ಊಟಕ್ಕೆ ಏಳುವ ಮುಂಚೆ ಒಂದು ಕ್ಯಾಸೆಟ್ ಮುಗಿಸಿಬಿಡೋಣವೆಂದು ಕೂತಿದ್ದೆ. ಉಪನ್ಯಾಸ ಮುಗಿದು ಪ್ರಶ್ನೆಗಳು ಶುರುವಾಗಿದ್ದವು. ಯಾರೋ ಗಂಟಲು ಸರಿಮಾಡಿಕೊಂಡರು. ಎರಡು ಸಲ ಸಣ್ಣಗೆ, ಆಮೇಲೆ ಒಂದು ಸಲ ಜೋರಾಗಿ. ದನಿ ಬರುವ ಮೊದಲೇ ನನ್ನ ಕಾಲು ಪೆಡಲಿನ ಮೇಲೆ ಮರಗಟ್ಟಿತು. ಮೂವತ್ತೊಂದು ವರ್ಷ ಬಚ್ಚಲುಮನೆಯಿಂದ ಕೇಳಿದ ಸದ್ದು ಅದು.

"ಮೇಷ್ಟ್ರೇ, ನಾನು ಕನ್ನಡಕದ ಗಾಜು ಉಜ್ಜೋನು. ಮನೇಲಿ ಏನೂ ಕಮ್ಮಿ ಇಲ್ಲ. ಹೆಂಡತಿ ಒಳ್ಳೇವಳು. ಆದ್ರೂ ಸಾಯಂಕಾಲ ಅಂಗಡಿ ಬಾಗಿಲು ಹಾಕಿದ ಮೇಲೆ ಮನೆ ಕಡೆ ಕಾಲೇ ಏಳಲ್ಲ. ಸುಖವಾಗಿಲ್ಲ ಅನ್ನೋಕೆ ಒಂದು ಕಾರಣಾನೂ ಇಲ್ಲ, ಆದ್ರೂ ಸುಖವಾಗಿಲ್ಲ. ಇದು ನನ್ನ ತಪ್ಪಾ?"

ಮೇಷ್ಟ್ರು ಕೂಡಲೇ ಉತ್ತರ ಕೊಟ್ಟರು. "ಹೆಂಡತಿ ಒಳ್ಳೆಯವಳು ಅಂತ ಇಷ್ಟು ಜನರ ಮುಂದೆ ಹೇಳಿದಿರಿ. ಮನೆಗೆ ಹೋಗಿ ಅವರ ಮುಂದೆ ಹೇಳಿ ನೋಡಿ."

ಸಭೆಯೆಲ್ಲ ನಕ್ಕಿತು. ನಿನ್ನ ಭಾವನೂ ನಕ್ಕರು, ಕೊನೆಯಲ್ಲಿ, ಒಬ್ಬರೇ. ಎಷ್ಟು ಸಲ ಹಿಂದಕ್ಕೆ ಹಾಕಿ ಕೇಳಿದೆನೋ ಲೆಕ್ಕವಿಲ್ಲ. ಕಸ ಗುಡಿಸುವಾಕೆ ಬಂದು, ಯಂತ್ರ ಕೆಟ್ಟಿದೆಯಾ ಎಂದು ಕೇಳಿದಳು.

ಮಾರನೆಯ ದಿನ ಆ ಕ್ಯಾಸೆಟ್ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದೆ. ಸೊಸೆ ಬಾಗಿಲು ತೆಗೆದಳು. ಅವರು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಮನೆಯ ಟೇಪ್‌ರೆಕಾರ್ಡರಿನಲ್ಲೇ ಹಾಕಿ ಕೇಳಿಸಿದೆ. ಇದು ನನ್ನ ಗಂಡ ಎಂದೆ. ಆ ಪ್ರಶ್ನೆ ಅವರಿಗೆ ನೆನಪಿರಲಿಲ್ಲ. ಬಕೆಟ್ಟಿನಿಂದ ಕಾಲೆತ್ತಿ ಒರೆಸಿಕೊಂಡರು.

"ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲಮ್ಮ," ಎಂದರು. "ನಗಿಸಿಬಿಟ್ಟೆ. ಗೊತ್ತಿಲ್ಲದಾಗೆಲ್ಲ ಹಾಗೇ ಮಾಡ್ತಿದ್ದೆ."

ಹಾಗಾದರೆ ಇಷ್ಟು ವರ್ಷ ಸುಖದ ಬಗ್ಗೆ ಹೇಳಿದ್ದೆಲ್ಲ ಏನು ಎಂದು ಕೇಳಿದೆ, ಸ್ವಲ್ಪ ಒರಟಾಗಿಯೇ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಂಬಿಯೇ ಹೇಳಿದ್ದು, ಕೆಲವು ಮಾತು ತನಗೂ ಉಪಯೋಗಕ್ಕೆ ಬಂದವು ಎಂದರು. ಹೆಂಡತಿ ತೀರಿಕೊಂಡ ವರ್ಷ ಒಂದೂ ಬರಲಿಲ್ಲವಂತೆ. ಆಮೇಲೆ ಒಂದೊಂದಾಗಿ, ಮುನಿಸಿಕೊಂಡು ಹೋದ ನೆಂಟರ ಹಾಗೆ, ಹಿಂದಿರುಗಿದವಂತೆ. ಹೊರಡುವಾಗ, ನಿಮ್ಮ ಯಜಮಾನರು ಆ ಮಾತನ್ನು ಮನೆಯಲ್ಲಿ ಹೇಳಿದರಾ ಎಂದು ಕೇಳಿದರು. ನೆನಪಿಲ್ಲ ಎಂದೆ.

"ಪುಸ್ತಕದಲ್ಲಿ ಅವರ ಪ್ರಶ್ನೆ ಇರಲಿ," ಎಂದರು. "ನನ್ನ ಉತ್ತರ ತೆಗೆದುಬಿಡಿ."

ಹಾಗೇ ಮಾಡಿದೆ. 'ಸಭಿಕರೊಬ್ಬರು' ಎಂದು ಹಾಕಿ, ಅವರ ಮಾತನ್ನು ಒಂದಕ್ಷರ ಬಿಡದೆ ಟೈಪು ಮಾಡಿ, ಕೆಳಗೆ ಜಾಗ ಖಾಲಿ ಬಿಟ್ಟೆ.

ನೆಮ್ಮದಿ ಸಿಕ್ಕಿತಾ ಎಂದೆಯಲ್ಲ. ಅಷ್ಟು ದೊಡ್ಡ ಹೆಸರಿಡುವಂಥದ್ದೇನೂ ನನಗೆ ಸಿಕ್ಕಿಲ್ಲ, ಪುಟ್ಟಿ. ಆದರೆ ನೀನು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂರುತ್ತೀಯಲ್ಲ, ಅದನ್ನು ನಾನು ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ನನ್ನ ಬಾಯಿ ಮುಚ್ಚಿ ಇನ್ನೊಬ್ಬರ ಮಾತಿಗೆ ಪೂರ್ತಿ ಕಿವಿ ಕೊಡುವುದು ಒಂದು ಪ್ರಾರ್ಥನೆಯೇ ಆದರೆ, ನಾನೂ ಈ ವಯಸ್ಸಿನಲ್ಲಿ ಶುರು ಮಾಡಿದ್ದೇನೆ. ಮೇಲಿನ ಮನೆಯ ಅಜ್ಜಿ ತನ್ನ ಹಲ್ಲುಸೆಟ್ಟಿನ ಕಥೆಯನ್ನು ಮುಕ್ಕಾಲು ಗಂಟೆ ಹೇಳುತ್ತಾಳೆ. ಮೊದಲಾದರೆ ಒಲೆಯ ಮೇಲೆ ಹಾಲಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈಗ ಕೂತು ಕೇಳುತ್ತೇನೆ. ಕೇಳಿದ ಮೇಲೆ ಮನಸ್ಸು ಸ್ವಲ್ಪ ಹಗುರ ಇರುತ್ತದೆ, ಸಂಜೆಯವರೆಗೆ. ಸದ್ಯಕ್ಕೆ ನನ್ನ ಪಾಲಿನ ಸುಖ ಇಷ್ಟು.

ನಿಮ್ಮ ಮನೆಯವರ ಮಾತು ಚೆನ್ನಾಗಿರಲಿ, ನಿನ್ನ ಕಿವಿ ಗಟ್ಟಿಯಾಗಿರಲಿ. ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ
ಅಕ್ಕ

ತಾ.ಕ.: ಮೇಷ್ಟ್ರಿಗೆ ನೆನಪಿಲ್ಲ ಎಂದದ್ದು ಸುಳ್ಳು. ಕ್ಯಾಸೆಟ್ಟಿನ ಮೇಲೆ ತಾರೀಖಿದೆ. ನಿನ್ನ ಮಗಳ ಮದುವೆಯಾದ ಮರುವಾರ. ಅವತ್ತು ಮಧ್ಯಾಹ್ನ ನಿನ್ನ ಭಾವ ಉಪನ್ಯಾಸದಿಂದ ಬಂದು, ಚಪ್ಪಲಿಯನ್ನೂ ಬಿಡದೆ, ಅಡಿಗೆಮನೆ ಬಾಗಿಲಲ್ಲಿ ನಿಂತು, "ನಿನ್ಹತ್ರ ಒಂದು ಮಾತು ಹೇಳ್ಬೇಕು" ಎಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗಿ ನೋಡದೆ, "ಇವತ್ತೊಂದು ದಿನ ನನಗೆ ಯಾರ ಮಾತೂ ಬೇಡ" ಎಂದೆ. ಅವರು ಹೋಗಿ ಚಪ್ಪಲಿ ಬಿಟ್ಟರು. ಆಮೇಲೆ ಆರು ವರ್ಷ ಬದುಕಿದ್ದರು, ಪುಟ್ಟಿ. ಏನದು ಎಂದು ನಾನು ಕೇಳಲೇ ಇಲ್ಲ.