ಆಸ್ಪತ್ರೆಗೆ ಜೊತೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಕಡ್ಡಿ,

ಕಾಲೇಜು ಸೇರಿದ ಮೇಲೂ ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಏನು ಮಾಡಲಿ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ನೀನು ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೇ ಈ ಕಾಗದ. ಅಪ್ಪನಿಗೆ ನಾಳೆ ನಿನ್ನ ಹಾಸ್ಟೆಲಿನ ಕಡೆ ಯಾರದೋ ಫ್ರಿಜ್ ರಿಪೇರಿ ಇದೆಯಂತೆ. ವಾರ್ಡನ್ ಕೈಗೆ ಕೊಟ್ಟು ಬರುತ್ತಾರೆ. ನೀನಾಗಿ ಹೊರಗೆ ಬರದಿದ್ದರೆ ಗೇಟಿನಲ್ಲಿ ನಿಂತು ಕೂಗಬೇಡಿ ಎಂದು ಹೇಳಿದ್ದೇನೆ.

ಆಸ್ಪತ್ರೆಗೆ ಒಯ್ಯುವ ಬ್ಯಾಗು ತುಂಬುತ್ತಾ ಕುಳಿತಿದ್ದೇನೆ. ಬೆಳಿಗ್ಗೆ ಶುರು ಮಾಡಿದ್ದು ಇನ್ನೂ ಮುಗಿದಿಲ್ಲ. ಒಂದು ನೈಟಿ ಮಡಿಸುವುದು, ಗೋಡೆಗೆ ಒರಗುವುದು. ಎದ್ದು ಟವೆಲ್ ಹುಡುಕುವುದು, ಮತ್ತೆ ಒರಗುವುದು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಊರವರ ಬೆಡ್‌ಶೀಟುಗಳಿಗೆಲ್ಲ ಇಸ್ತ್ರಿ ಹಾಕಿದವಳಿಗೆ ಈಗ ಅಂಗೈಯಗಲದ ಬಟ್ಟೆ ಮಡಿಸುವಷ್ಟರಲ್ಲಿ ಏದುಸಿರು. ಮಾಲೀಕರು ಹರಿದ ಶೀಟುಗಳನ್ನು ಕೊಟ್ಟಿದ್ದರು, ಕತ್ತರಿಸಿ ಮಗುವಿಗೆ ಬಟ್ಟೆ ಮಾಡಿದ್ದೇನೆ. ತೊಳೆದು ತೊಳೆದು ಬೆಣ್ಣೆಯಂತಾಗಿವೆ. ನಿನ್ನನ್ನು ಹೆರುವ ಹಿಂದಿನ ದಿನದವರೆಗೂ ನಾನು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ನಲವತ್ತು ದಾಟಿದ ಮೇಲೆ ಮೈ ನಮ್ಮ ಮಾತು ಕೇಳುವುದಿಲ್ಲ.

ಅಪ್ಪನೂ ಕೈಜೋಡಿಸಿದರು. ಅವರು ಮೊದಲು ಹಾಕಿದ್ದು ಟಾರ್ಚು, ಆಮೇಲೆ ತಮ್ಮ ಶೇವಿಂಗ್ ಡಬ್ಬಿ.

"ಹೆರೋದು ನೀವಾ ನಾನಾ?" ಎಂದೆ.

"ನಾನೂ ಅಲ್ಲೇ ಇರ್ಬೇಕಲ್ವಾ?" ಎಂದರು.

"ರಾತ್ರಿ ಹೆಂಗಸರ ವಾರ್ಡಿಗೆ ಗಂಡಸರನ್ನ ಬಿಡಲ್ಲ ಅಂತ ನರ್ಸಮ್ಮ ಹೇಳ್ಲಿಲ್ವಾ?"

ತೆಪ್ಪಗೆ ತೆಗೆದಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಟವೆಲಿನ ಅಡಿಯಲ್ಲಿ ಮತ್ತೆ ಅದೇ ಡಬ್ಬಿ. ಇರಲಿ ಎಂದು ಅದರ ಮೇಲೇ ನೈಟಿ ಮಡಿಸಿಟ್ಟೆ.

ಹೋದ ಸಲ ಬಂದಾಗ ನೀನು ನನ್ನ ಹೊಟ್ಟೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಫೋನಿನಲ್ಲಿ ಹೇಳಲು ನಮಗೆ ಬಾಯಿ ಬಂದಿರಲಿಲ್ಲ. "ಅಜ್ಜಿಯಾಗೋ ವಯಸ್ಸಲ್ಲಿ ಇದೇನಮ್ಮಾ? ಫ್ರೆಂಡ್ಸ್‌ಗೆ ನಾನು ಏನಂತ ಹೇಳ್ಲಿ?" ಎಂದು ಕಡ್ಡಿ ಮುರಿದ ಹಾಗೆ ಕೇಳಿ, ತಟ್ಟೆಗೆ ಬಡಿಸಿದ್ದನ್ನು ಮುಟ್ಟದೆ ಸಂಜೆ ಬಸ್ಸಿಗೇ ಹೊರಟುಹೋದೆ. ನನಗೆ ಕೋಪವಿಲ್ಲ. ಅದೇ ಮಾತನ್ನು ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ನಾನೂ ನನ್ನನ್ನು ಕೇಳಿಕೊಂಡಿದ್ದೆ. ಮುಟ್ಟು ನಿಲ್ಲುವ ವಯಸ್ಸು ಬಂತು ಎಂದುಕೊಂಡಿದ್ದೆ, ತಿಳಿಯುವಷ್ಟರಲ್ಲಿ ತಡವಾಗಿತ್ತು. ಕೆಲವು ದಿನ ಅಪ್ಪ ನನ್ನ ಮುಖ ನೋಡಿ ಮಾತಾಡಲಿಲ್ಲ. ಲಾಂಡ್ರಿಯಲ್ಲಿ ಜೊತೆಯವರು, "ಅಕ್ಕಾ, ಮಗಳಿಗೆ ಗಂಡು ಹುಡುಕೋದು ಬಿಟ್ಟು ತೊಟ್ಟಿಲು ಹುಡುಕ್ತಿದ್ದೀರಲ್ಲ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕು ನಕ್ಕೇ ಸುಸ್ತಾಯಿತು ಕಣೇ.

ಆಮೇಲೊಂದು ದಿನ, ದೊಡ್ಡ ಶೀಟೊಂದಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಒಳಗಿಂದ ಜೋರಾಗಿ ಒದೆಯಿತು. ಪೆಟ್ಟಿಗೆಯ ಸ್ವಿಚ್ ಆರಿಸಿ ಹಾಗೇ ನಿಂತೆ. ಅದಕ್ಕೆ ನಮ್ಮ ನಾಚಿಕೆಯ ಗೊಡವೆಯೇ ಇಲ್ಲ, ಬರುವ ಅವಸರ ಅಷ್ಟೇ. ಅವತ್ತಿನಿಂದ ನನ್ನ ನಾಚಿಕೆ ಹೋಯಿತು. ಸುಸ್ತು ಮಾತ್ರ ಉಳಿಯಿತು.

ರಾತ್ರಿ ಜೊತೆಗಿರಲು ಚಿಕ್ಕಮ್ಮ ಬರುತ್ತೇನೆಂದಿದ್ದಳು. ಈಗ ಮಂಡಿ ನೋವು, ಬಸ್ಸು ಹತ್ತಲಾಗದು ಎನ್ನುತ್ತಾಳೆ. ಪಕ್ಕದ ಮನೆಯ ಟೀಚರು ಹಗಲು ಬಂದು ನೋಡಿಕೊಂಡು ಹೋಗುತ್ತಾರಂತೆ. ಹೇಗೋ ಆಗುತ್ತದೆ. ಡಾಕ್ಟರ್ ಎಲ್ಲ ಸರಿಯಾಗಿದೆ, ಇನ್ನೂ ಸಮಯವಿದೆ ಎಂದಿದ್ದಾರೆ. ನಿನಗೆ ಪರೀಕ್ಷೆ ಹತ್ತಿರ ಬಂತು, ಓದಿಕೋ. ಬರಲೇಬೇಕೆಂದೇನೂ ಇಲ್ಲ. ಬಿಡುವಾದಾಗ ಒಂದು ಫೋನ್ ಮಾಡಿದರೆ ಸಾಕು.

ಹೊತ್ತು ಹೊತ್ತಿಗೆ ಊಟ ಮಾಡು. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಮಲಗಬೇಡ.

ನಿನ್ನ
ಅಮ್ಮ

ತಾ.ಕ.: ಅಪ್ಪ ಲಕೋಟೆ ತರಲು ಅಂಗಡಿಗೆ ಹೋಗಿದ್ದಾರೆ, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ್ ಹಾಗೆ ಹೇಳಲಿಲ್ಲ. ಬಿಪಿ ಇಳಿಯುತ್ತಿಲ್ಲ, ದಿನ ತುಂಬುವವರೆಗೆ ಕಾಯುವ ಹಾಗಿಲ್ಲ, ಶುಕ್ರವಾರವೇ ಆಪರೇಷನ್ ಎಂದರು. ಇಬ್ಬರ ಜೀವಕ್ಕೂ ಭಯವಿದೆ ಎಂದೂ ಹೇಳಿದರು. "ಅವಳಿಗೆ ತಿಳಿಸ್ಬೇಡ. ಹೆದರಿಕೊಂಡು ಬರೋದು ಬೇಡ, ಮನಸ್ಸಾದ್ರೆ ಬರ್ಲಿ" ಎಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಅವರದು ದೊಡ್ಡ ಮನಸ್ಸು. ನಿನ್ನ ಮನಸ್ಸಾಗುವವರೆಗೆ ಕಾಯುವ ತ್ರಾಣ ನನಗಿಲ್ಲ. ಹೆದರಿಕೊಂಡೇ ಬಾ. ಸಿಟ್ಟಿನಲ್ಲೇ ಬಾ. ಬಂದು ನನ್ನೊಡನೆ ಮಾತಾಡದಿದ್ದರೂ ಸರಿಯೇ, ಬಾ.