ಕಾವು ಪೆಟ್ಟಿಗೆಯ ಲೆಕ್ಕ

ಮಗಳೇ,

ಕೊಯ್ಲು ಶುರುವಾಗಿದೆ, ಇಬ್ಬನಿ ಆರುವ ಮೊದಲೇ ಹೊಲದಲ್ಲಿರಬೇಕು. ನೀನು ಮಲಗಿದ್ದೆ, ಎಬ್ಬಿಸಲಿಲ್ಲ.

ಕಾವು ಪೆಟ್ಟಿಗೆಯ ಮುಚ್ಚಳ ತೆರೆಯಬೇಡ. ಮೊಟ್ಟೆ ಹೊರಳಿಸುವ ಮೋಟಾರಿನ ವೈರ್ ಕಿತ್ತಿದ್ದೇನೆ, ಕಾವು ಕೊಡುವ ದೀಪದ್ದಲ್ಲ. ಇಪ್ಪತ್ತೊಂದು ದಿನಕ್ಕೆ ಮರಿ; ಹದಿನೆಂಟು ಬಂತೆಂದರೆ, ಕೊನೆಯ ಮೂರು ದಿನ, ಮೊಟ್ಟೆ ಅಲುಗಬಾರದು. ನಿನ್ನ ಪ್ರೋಗ್ರಾಂ ಇವತ್ತೂ ಹೊರಳಿಸಲು ಹೊರಟಿತ್ತು. ಅದರ ಲೆಕ್ಕಕ್ಕೆ ಇವತ್ತು ಹದಿನೇಳನೆಯ ದಿನ. ಬಾಗಿಲ ಹಿಂದೆ ನಾನು ದಿನಕ್ಕೊಂದರಂತೆ ಎಳೆದ ಸೀಮೆಸುಣ್ಣದ ಗೀಟು ಹದಿನೆಂಟು. ನೀನು ಸೊನ್ನೆಯಿಂದ ಶುರು ಮಾಡಿದ್ದೀಯ. "ಕಂಪ್ಯೂಟರ್ ಹಾಗೇ ಎಣಿಸೋದಪ್ಪ" ಅಂದಿದ್ದೆ. ಇರಬಹುದು. ಕೋಳಿ ಹಾಗೆ ಎಣಿಸುವುದಿಲ್ಲ.

ಲೆಕ್ಕ ತಪ್ಪಿದರೆ ಮುಂದಿನ ವರ್ಷ ಕಂಪ್ಯೂಟರ್ ವಿಷಯ ಬೇಕೆಂದು ಕೇಳುವುದಿಲ್ಲ, ಒಂದು ವಾರ ಕೋಳಿಗೂಡನ್ನೂ ಗುಡಿಸುತ್ತೇನೆ ಎಂದು ಪಂತ ಕಟ್ಟಿದವಳು ನೀನೇ. ಸೋತಿದ್ದೀಯ.

ಆದರೆ ಇಷ್ಟು ದಿನದಲ್ಲಿ ನಿನ್ನ ಯಂತ್ರ ಹೊರಳಿಸುವುದನ್ನು ಒಂದು ಸಲವೂ ಮರೆಯಲಿಲ್ಲ. ಹೋದ ಸಲ ನಾನು ಮರೆತು ಅರ್ಧ ಮೊಟ್ಟೆ ಕೆಟ್ಟಿದ್ದು ನಿನಗೆ ಗೊತ್ತೇ ಇದೆ.

ವಿಷಯ ಆರಿಸುವ ಫಾರಂ ಪೆಟ್ಟಿಗೆಯ ಪಕ್ಕದಲ್ಲಿದೆ. ಕಂಪ್ಯೂಟರಿಗೇ ಗುರುತು ಹಾಕಿ ಸಹಿ ಮಾಡಿದ್ದೇನೆ. ಇವತ್ತೇ ಟೀಚರಿಗೆ ಕೊಡು, ಮಡಚಬೇಡ.

ಆ ಸೊನ್ನೆಯನ್ನು ಸಂಜೆಯೊಳಗೆ ಸರಿಮಾಡು.

ಪಂತದಲ್ಲಿ ಅರ್ಧ ಮನ್ನಾ ಮಾಡಿದ್ದೇನೆ. ಪೊರಕೆ ಗೂಡಿನ ಬಾಗಿಲಲ್ಲೇ ಇದೆ.

ಅಪ್ಪ